ಕುಲೆ ಮದುವೆಯ ಮೈಕಿಗೆ ಎಕೋ

ಮದುವೆಯಾಗದವರು ಆ ಮದುವೆಗೆ ಹೋಗುವಂತಿಲ್ಲ. ಹಾಗಾಗಿ ಪ್ರವೀಣ ನನಗೆ ಫೋನ್ ಮಾಡಿದ.

ಪ್ರವೀಣನದು ಗುರುವಾಯನಕೆರೆಯಲ್ಲಿ ಮೈಕ್‌ಸೆಟ್ ಅಂಗಡಿ. ಪ್ರಾಯ ಮೂವತ್ತೈದು ದಾಟಿದೆ, ಇನ್ನೂ ಹುಡುಗಿ ಹುಡುಕುತ್ತಿದ್ದಾನೆ. "ಒಂದು ಉಪಕಾರ ಆಗ್ಬೇಕು ಮಾರಾಯ್ರೆ. ಮದುವೆ ಅಂತ ಆರ್ಡರ್ ತಗೊಂಡೆ. ಈಗ ನೋಡಿದ್ರೆ ಅದು ಕುಲೆ ಮದುವೆ. ನಾನು ಹೋದ್ರೆ ನನ್ನ ಕತೆ ಮುಗೀತು. ಬರುವ ಆದಿತ್ಯವಾರ ಮಾಣಿ ಪೇಟೆಗೆ ಹುಡುಗಿ ನೋಡ್ಲಿಕ್ಕೆ ಹೋಗ್ಲಿಕ್ಕುಂಟು. ನಿಮಗೆ ಹೇಗೂ ಮದುವೆ ಆಗಿದೆಯಲ್ಲ?"

ಆಗಿದೆ. (ಆ ಒಂದೇ ಅರ್ಹತೆಯ ಮೇಲೆ ನನಗೆ ಸಿಕ್ಕಿದ ಮೊದಲ ಕೆಲಸ ಇದು.)

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ಕುಲೆ ಎಂದರೆ ಪ್ರೇತ. ನಮ್ಮ ಕಡೆ ಚಿಕ್ಕಂದಿನಲ್ಲಿ ಸತ್ತ ಮಕ್ಕಳು ಸತ್ತಲ್ಲಿಗೇ ನಿಲ್ಲುವುದಿಲ್ಲ, ಬೆಳೆಯುತ್ತಾರೆ. ಪ್ರಾಯಕ್ಕೆ ಬರುತ್ತಾರೆ. ಮನೆಯಲ್ಲಿ ಏನೋ ಸರಿಹೋಗದೆ ಜೋಯಿಸರಲ್ಲಿ ಪ್ರಶ್ನೆ ಇಟ್ಟರೆ, "ನಿಮ್ಮಲ್ಲಿ ಒಬ್ಬಳು ಮದುವೆಗೆ ನಿಂತಿದ್ದಾಳೆ" ಎಂದು ಕಂಡುಬರುತ್ತದೆ. ಆಮೇಲೆ ಅದೇ ಜಾತಿಯಲ್ಲಿ, ಹಾಗೆಯೇ ಸತ್ತ ಹುಡುಗನೊಬ್ಬನನ್ನು ಹುಡುಕಿ, ಎರಡೂ ಕಡೆಯವರು ಒಪ್ಪಿ, ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯಲ್ಲಿ, ಮದುವೆ. ದಿಬ್ಬಣ ಬರುತ್ತದೆ, ಸೀರೆ ಬರುತ್ತದೆ, ಊಟವೂ ಉಂಟು. ನಂಬುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು. ಆ ಮನೆಯ ಚಾವಡಿಗೆ ಕಾಲಿಡುವ ತನಕ ನಾನೂ ನಂಬಿರಲಿಲ್ಲ.

ಮನೆ ಲೀಲಕ್ಕನದು. ಎಪ್ಪತ್ತರ ಹತ್ತಿರದ ವಿಧವೆ, ಕಿವಿ ಮಂದ. ಮಗ ಸುಧಾಕರನಿಗೆ ಬಂಟ್ವಾಳದಲ್ಲಿ ಹೋಟೆಲ್. ಮದುಮಗಳು ಶಶಿ, ಸುಧಾಕರನ ಅಕ್ಕ. ಐದನೆಯ ವರ್ಷದಲ್ಲಿ ಕಾಮಾಲೆಯಾಗಿ ಹೋದವಳು. ಇಂಥ ಮದುವೆಗೆ ಮೈಕ್ ಯಾಕೆ ಎಂದರೆ, ಲೀಲಕ್ಕನ ಹಟ. ಮಗಳ ಮದುವೆಯ ಒಂದು ಮಾತೂ ತನಗೆ ತಪ್ಪಬಾರದು. ಸ್ಪೀಕರ್ ಬಾಕ್ಸ್ ತನ್ನ ಕುರ್ಚಿಯ ಪಕ್ಕದಲ್ಲೇ ಇರಬೇಕು.

ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಸೀರೆ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಪಂಚೆ, ಶಾಲು. ಹುಡುಗನ ಕಡೆಯವರು ಬೆಳ್ತಂಗಡಿಯ ಆಚೆಯಿಂದ ಬಂದಿದ್ದರು. ಸಂಬಂಧ ಕುದುರಿಸಿದವರು ಹುಡುಗನ ಗುಣಗಾನ ಮಾಡುತ್ತಿದ್ದರು. "ಒಳ್ಳೆ ಜನ. ಕುಡಿತ ಇಲ್ಲ, ಬೀಡಿ ಇಲ್ಲ." ನನಗೆ ನಗು ಬಂತು. ಸುತ್ತ ನೋಡಿದೆ. ಯಾರೂ ನಗುತ್ತಿರಲಿಲ್ಲ. ಹೆಂಗಸೊಬ್ಬರು ಗಂಭೀರವಾಗಿ ತಲೆಯಾಡಿಸಿ, "ಈಗ ಅಂಥವರು ಸಿಕ್ಕುವುದು ಕಷ್ಟ" ಎಂದರು.

ಮಧ್ಯಾಹ್ನ ಹನ್ನೆರಡಾದರೂ ಒಳಗೆ ಬೆಳಕು ಸಾಲದು. ಆಟಿಯ ಮೋಡ ಅಂಥದ್ದು. ಮಕ್ಕಳಿಲ್ಲ, ಹುಡುಗಿಯರಿಲ್ಲ. ಮಕ್ಕಳ ಗಲಾಟೆಯಿಲ್ಲದ ಮದುವೆ ಮನೆಯಲ್ಲಿ ನೀವು ಎಂದಾದರೂ ಕುಳಿತಿದ್ದೀರಾ? ಬೆನ್ನು ತಣ್ಣಗಾಗುತ್ತದೆ.

ಇನ್ನು ನನ್ನ ಎಕೋ ಹುಚ್ಚಿನ ಬಗ್ಗೆ. ಇನ್ಶೂರೆನ್ಸ್ ಆಫೀಸಿನ ಗುಮಾಸ್ತನಾದ ನಾನು ರಜೆಯ ದಿನ ಮೂಡುಬಿದಿರೆಯ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುತ್ತೇನೆ. ನಮ್ಮ ಊರಿನವರಿಗೆ ಎಕೋ ಇಲ್ಲದ ಮೈಕ್ ಉಪ್ಪಿಲ್ಲದ ಗಂಜಿ. ಸ್ವಾಗತ ಮಾಡುವವನಿಗೂ ಎಕೋ, ಕಾರ್ ಅಡ್ಡ ನಿಂತಿದೆ ಎಂದು ಹೇಳುವವನಿಗೂ ಎಕೋ. ಭಾವ ಮಸ್ಕತ್‌ನಿಂದ ತಂದುಕೊಟ್ಟ ಎಕೋ ಯೂನಿಟ್ ಒಂದು ನನ್ನಲ್ಲಿದೆ. ಅದರಲ್ಲಿ ಮೂರು ತಿರುಗಣೆ. ಒಂದು, ಎಕೋ ಎಷ್ಟು ಜೋರಾಗಿರಬೇಕು ಎಂಬುದಕ್ಕೆ. ಇನ್ನೊಂದು, ಎಷ್ಟು ಸಲ ಮರುಕಳಿಸಬೇಕು ಎಂಬುದಕ್ಕೆ. ಮೂರನೆಯದು ಡಿಲೇ, ಅಂದರೆ ಹೇಳಿದ ಮಾತು ಎಷ್ಟು ತಡವಾಗಿ ವಾಪಸ್ ಬರಬೇಕು ಎಂಬುದಕ್ಕೆ.

ಅಭ್ಯಾಸಬಲದಿಂದ ಅದನ್ನು ಇಲ್ಲಿಗೂ ತಂದು ಮೈಕಿಗೆ ಜೋಡಿಸಿದ್ದೆ. ಹಿಂದಿನ ಪ್ರೋಗ್ರಾಮಿನಲ್ಲಿ ಮೂರನ್ನೂ ಏರಿಸಿ ಇಟ್ಟಿದ್ದೆ. ಸಾಮಾನ್ಯವಾಗಿ ಹೊಸ ಜಾಗದಲ್ಲಿ "ಹಲೋ ಹಲೋ, ಮೈಕ್ ಟೆಸ್ಟಿಂಗ್" ಎಂದಾಗ ಅದು ಗೊತ್ತಾಗುತ್ತದೆ, ಇಳಿಸುತ್ತೇವೆ. ಇಲ್ಲಿಯೂ ಮೈಕ್ ಬಾಯಿಯ ಹತ್ತಿರ ತಂದೆ. ಶಾಸ್ತ್ರ ಮಾಡಿಸುತ್ತಿದ್ದ ಹಿರಿಯರು ಕೈ ಅಡ್ಡ ಹಿಡಿದರು.

"ಹಲೋ ಹಲೋ ಎಲ್ಲ ಬೇಡ. ಇವತ್ತು ಇಲ್ಲಿ ಹೆಸರಿಲ್ಲದೆ ಕರೀಬಾರ್ದು. ಯಾರು ಬಂದು ನಿಲ್ತಾರೆ ಅಂತ ಹೇಳ್ಲಿಕ್ಕಾಗುದಿಲ್ಲ."

ನಾನು ಮೈಕನ್ನು ಮೆಲ್ಲ ಕೆಳಗಿಟ್ಟೆ. ಟೆಸ್ಟ್ ಮಾಡಲಿಲ್ಲ.

ಮದುಮಗಳನ್ನು ಮಣೆಗೆ ಕರೆಯುವ ಹೊತ್ತು. ಆ ಮನೆಯಲ್ಲಿ ತಾಯಿಯೇ ಕರೆಯಬೇಕಂತೆ. ಲೀಲಕ್ಕನ ಕೈಗೆ ಮೈಕ್ ಕೊಟ್ಟರು. ಅವರು ಬಾಗಿಲಿನ ಕಡೆ ನೋಡಿ, ತುಳುವಿನಲ್ಲಿ, ಶಾಲೆಯಿಂದ ತಡವಾಗಿ ಬರುವ ಮಗುವನ್ನು ಕರೆಯುವ ಹಾಗೆ ಕರೆದರು. "ಶಶೀ, ಬಲ ಮಗಾ."

ಬಾ ಮಗಳೇ. ಅಷ್ಟೇ.

ಬಾಕ್ಸ್‌ನಿಂದ ಎಕೋ ಹೊರಟಿತು. "ಬಲ ಮಗಾ... ಬಲ..." ಏರಿಸಿದ್ದನ್ನು ಇಳಿಸಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಕುರ್ಚಿಯ ಹಿಂದೆ ಕತ್ತಲೆಯಲ್ಲಿದ್ದ ಯೂನಿಟ್‌ಗೆ ಕೈ ಹಾಕಿ, ಸಿಕ್ಕಿದ ತಿರುಗಣೆಯನ್ನು ಎಡಕ್ಕೆ ಒಮ್ಮೆಲೇ ತಿರುಗಿಸಿದೆ. ಕೈಗೆ ಸಿಕ್ಕಿದ್ದು ಡಿಲೇ. ಅದನ್ನು ಹಾಗೆ ಗಕ್ಕನೆ ತಿರುಗಿಸಿದರೆ ಒಳಗೆ ಉಳಿದ ಮಾತು ಫಾಸ್ಟ್ ಓಡುವ ಕ್ಯಾಸೆಟ್ಟಿನಂತೆ ಸಣ್ಣಗಾಗುತ್ತದೆ.

ಲೀಲಕ್ಕನ ಒಡೆದ ಸ್ವರ ತೆಳ್ಳಗಾಯಿತು. ಇನ್ನೂ ತೆಳ್ಳಗಾಯಿತು. ಕೊನೆಗೆ ಐದು ವರ್ಷದ ಹುಡುಗಿಯೊಬ್ಬಳು ಎಲ್ಲೋ ದೂರದಿಂದ ಹೇಳಿದಳು.

"ಬಲ... ಬಲ... ಬಲ..."

ಬಾ. ಬಾ. ಬಾ.

ಹಿರಿಯರ ಕೈಯ ಅಕ್ಕಿಕಾಳು ನೆಲಕ್ಕೆ ಬಿತ್ತು. ಲೀಲಕ್ಕ ಮಾತ್ರ ಬಾಕ್ಸ್ ಕಡೆ ಕತ್ತು ತಿರುಗಿಸಿ, "ಓ" ಎಂದು ಓಗೊಟ್ಟರು. ಆಮೇಲೆ ಪಕ್ಕದಲ್ಲಿದ್ದ ಸೊಸೆಗೆ ಹೇಳಿದರು. "ದೊಡ್ಡವಳಾಗಿದ್ದಾಳೆ ಅಂದ್ರಲ್ಲ ನೀವೆಲ್ಲ. ಸ್ವರ ಹಾಗೇ ಉಂಟು."

ಆಗಲೇ ಎದ್ದು ನಿಂತು "ಇದು ಮಷೀನ್" ಎನ್ನಬೇಕಿತ್ತೇ? ಎನ್ನಬಹುದಿತ್ತು. ಆದರೆ ನನ್ನ ಕೈಯ ರೋಮವೂ ನಿಂತಿತ್ತು. ಶಾಸ್ತ್ರ ಮುಗಿಯಿತು, ಊಟವಾಯಿತು, ನಾನು ವ್ಯಾನ್ ಹತ್ತಿ ಮನೆಗೆ ಬಂದೆ.

ವಾರ ಕಳೆದಿರಲಿಲ್ಲ, ಸುಧಾಕರನ ಫೋನ್. ಅವನ ಸ್ವರದಲ್ಲಿ ಸಿಟ್ಟೂ ಇತ್ತು, ಹೆದರಿಕೆಯೂ ಇತ್ತು. "ಅಮ್ಮ ಮಾತ್ರೆ ಬಿಟ್ಟಿದ್ದಾರೆ. ಬಿ.ಪಿ.ದೂ ಇಲ್ಲ, ಹಾರ್ಟಿಂದೂ ಇಲ್ಲ. ಮಗಳು ಕರೆದಿದ್ದಾಳೆ, ಇನ್ನು ಮಾತ್ರೆ ಎಂತಕ್ಕೆ ಅಂತಾರೆ. ಕಿವಿಯ ಬೆಂಡೋಲೆ ತೆಗೆದು ನನ್ನ ಹೆಂಡತಿಗೆ ಕೊಟ್ರು. ನೀವು ಆ ಮಷೀನ್ ತಗೊಂಡು ಬನ್ನಿ. ಅದು ಎಂತದು ಅಂತ ಅಮ್ಮನಿಗೆ ತೋರಿಸಿ."

ಹೋದೆ. ಹಗಲಿನಲ್ಲೇ ಹೋದೆ. ಅದೇ ಚಾವಡಿ, ಅದೇ ಕುರ್ಚಿ. ಲೀಲಕ್ಕನ ಮುಖ ಊದಿಕೊಂಡಿತ್ತು, ಕಿವಿ ಬರಿದಾಗಿತ್ತು. ಆದರೆ ಖುಷಿಯಾಗಿದ್ದರು. ಊರಿಗೆ ಹೊರಟವರ ಖುಷಿ. ಅದನ್ನು ನೋಡಿ ನನಗೆ ನಿಜವಾಗಿ ಭಯವಾಯಿತು.

ವಯರು ಜೋಡಿಸಿ, ಮೈಕನ್ನು ಸುಧಾಕರನಿಗೆ ಕೊಟ್ಟೆ. ಅವನು "ಬಲ ಮಗಾ" ಎಂದ. ನಾನು ಡಿಲೇ ತಿರುಗಿಸಿದೆ. ನೂರು ಕೆ.ಜಿ.ಯ ಹೋಟೆಲ್ ಯಜಮಾನನ ಸ್ವರ ಬಾತುಕೋಳಿಯ ಹಾಗೆ ಬಂತು. ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಲೀಲಕ್ಕನೂ ನಕ್ಕರು.

"ಕಂಡಿತಾ ಲೀಲಕ್ಕ? ಇದರದ್ದೇ ಕೆಲಸ. ಅವತ್ತು ನಾನು ತಿರುಗಿಸಿದ್ದು."

"ಕಂಡಿತು. ಇದು ಮಷೀನು." ಅವರು ಕಣ್ಣೊರೆಸಿಕೊಂಡರು. "ಅವತ್ತಿನದ್ದು ಶಶಿ."

ಇದಕ್ಕೆ ಯಾವ ತಿರುಗಣೆ ತಿರುಗಿಸಬೇಕು? ಬೇಸ್ ಕಡಿಮೆ ಮಾಡಬಹುದು, ಟ್ರೆಬಲ್ ಹೆಚ್ಚಿಸಬಹುದು, ಬಚ್ಚಲುಮನೆಯಲ್ಲಿ ಹಾಡುವವನನ್ನು ದೊಡ್ಡ ಹಾಲ್‌ನಲ್ಲಿ ನಿಲ್ಲಿಸಬಹುದು. ಒಬ್ಬ ತಾಯಿ ಕೇಳಿಸಿಕೊಂಡದ್ದನ್ನು ಅಳಿಸುವ ಬಟನ್ ಯಾವ ಕಂಪನಿಯೂ ಮಾಡಿಲ್ಲ.

ಆಗ ಸುಧಾಕರ ನೆಲದ ಮೇಲೆ ಕೂತುಬಿಟ್ಟ. ಅಷ್ಟು ದೊಡ್ಡ ಆಳು, ತಾಯಿಯ ಮೊಣಕಾಲು ಹಿಡಿದು ಬಿಕ್ಕಿದ. "ಅವಳೊಬ್ಬಳೇ ನಿಮ್ಮ ಮಗುವಾ ಅಮ್ಮ? ನಾನು ದಿನಾ ಬಂದು ಕರೆಯುದು ನಿಮಗೆ ಕೇಳುದಿಲ್ವಾ? ನಾನು ಎಂತ ಆಗ್ಬೇಕು ನಿಮಗೆ?" ಕೈಯಲ್ಲಿ ಮೈಕ್ ಇತ್ತು. ಅವನು ಅದನ್ನು ಮರೆತಿದ್ದ. ಎಲ್ಲವೂ ಬಾಕ್ಸ್‌ನಲ್ಲಿ ಬಂತು, ತಾಯಿಯ ಕಿವಿಯ ಪಕ್ಕದಲ್ಲೇ ಬಂತು. ನಾನು ತಿರುಗಣೆ ಮುಟ್ಟಲಿಲ್ಲ. ಅಳು ಅಳುವಾಗಿಯೇ ಮರುಕಳಿಸಿತು.

ಲೀಲಕ್ಕ ಅವನ ತಲೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾನು ಹೇಳಿದ್ದೇ ಅಲ್ವಾ ಇದರಲ್ಲಿ ವಾಪಸ್ ಬರುದು?"

"ಹೌದು ಲೀಲಕ್ಕ."

"ಅವಳ ಸ್ವರದಲ್ಲಿ ಬರ್ತದಾ?"

ನಾನು ಡಿಲೇಯನ್ನು ಮತ್ತೆ ಮೇಲಕ್ಕೆ ಏರಿಸಿಟ್ಟೆ. ಅವರು ಉತ್ತರಕ್ಕೆ ಕಾಯಲಿಲ್ಲ. ಮಗನ ಕೈಯಿಂದ ಮೈಕ್ ತೆಗೆದುಕೊಂಡು, ಕಣ್ಣು ಮುಚ್ಚಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು. "ಇತ್ತೆ ಬರೊಡ್ಚಿ."

ಈಗ ಬರಬೇಡ.

ನಾನು ತಿರುಗಿಸಿದೆ. ಮುದುಕಿಯ ಸ್ವರ ಸಣ್ಣಗಾಗುತ್ತ, ಸಣ್ಣಗಾಗುತ್ತ ಹೋಗಿ ಐದು ವರ್ಷದವಳು ಬಂದಳು. "ಬರೊಡ್ಚಿ... ಬರೊಡ್ಚಿ..." ತಂತ್ರ ನನ್ನದೇ, ತಿರುಗಿಸಿದ ಬೆರಳೂ ನನ್ನದೇ. ಆದರೂ ಬಾಗಿಲಿನ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಸುಧಾಕರ ಅಳುವುದನ್ನು ನಿಲ್ಲಿಸಿದ್ದ.

ಎಕೋ ಕ್ಷೀಣಿಸಿತು. ನಿಂತಿತು. ನಾನು ಯೂನಿಟ್ ಆಫ್ ಮಾಡಲು ಬಗ್ಗಿದೆ. ಲೀಲಕ್ಕ ಕಣ್ಣು ತೆರೆಯದೆಯೇ ಕೈಯೆತ್ತಿ ನನ್ನನ್ನು ತಡೆದರು. ಸ್ವಲ್ಪ ಇರಿ ಎಂಬಂತೆ. ಬಾಕ್ಸ್‌ನಲ್ಲಿ ಬರೀ ಸಣ್ಣ ಗುಂಯ್ ಸದ್ದು, ಅದು ಯಾವಾಗಲೂ ಇರುವಂಥದ್ದು. ಅವರು ಕತ್ತು ಓರೆ ಮಾಡಿ ಕೇಳುತ್ತಲೇ ಇದ್ದರು. ಒಮ್ಮೆ ತಲೆಯಾಡಿಸಿದರು. ಒಮ್ಮೆ ಸಣ್ಣಗೆ ನಕ್ಕರು. ಕೊನೆಗೆ, ಮಾತು ಮುಗಿಸಿದವರಿಗೆ ಹೇಳುವಂತೆ, "ಆವು ಮಗಾ" ಎಂದರು. ಆಗಲಿ ಮಗಳೇ.

ಆಮೇಲೆ ಕಣ್ಣು ಬಿಟ್ಟು, ಸೊಸೆಯ ಹತ್ತಿರ ಮಾತ್ರೆಗೆ ನೀರು ಕೇಳಿದರು.

ಸುಧಾಕರ ನನ್ನ ಎರಡೂ ಕೈ ಹಿಡಿದುಕೊಂಡ. ಮಷೀನ್‌ನಿಂದ ಹೋದ ಜೀವ ಮಷೀನ್‌ನಿಂದಲೇ ಬಂತು ಎಂದ. ಲೀಲಕ್ಕ ಈಗ ಚೆನ್ನಾಗಿದ್ದಾರೆ, ಎರಡು ಹೊತ್ತು ತಪ್ಪದೆ ಮಾತ್ರೆ ನುಂಗುತ್ತಾರೆ. ಎಲ್ಲ ಸರಿ, ತಿರುಗಣೆಯ ಲೆಕ್ಕವೂ ಸರಿ. ಒಂದನ್ನು ಮಾತ್ರ ನಾನು ಅವರ ಹತ್ತಿರ ಈ ತನಕ ಕೇಳಿಲ್ಲ.

ಬಾಕ್ಸ್ ಸುಮ್ಮನಾದ ಮೇಲೂ ಅವರು ಅಷ್ಟು ಹೊತ್ತು ತಲೆಯಾಡಿಸಿದ್ದು ಯಾರ ಮಾತಿಗೆ?