ಕಂಡ ಹಕ್ಕಿ, ಕೊಟ್ಟ ಹಕ್ಕಿ

ದುರ್ಬೀನು ಕಣ್ಣಿಗೆ ಹಿಡಿದೊಡನೆ ವಕೀಲ ಕಾಕಾರ ಎಡಮೀಸೆ ಮೆಲ್ಲಗೆ ಮೇಲೇಳುತ್ತಿತ್ತು. ಅಪರೂಪದ ಹಕ್ಕಿಯಾದರೆ ಬಲಮೀಸೆಯೂ.

ಹಾವೇರಿಯಲ್ಲಿ ನಮ್ಮ ಪಕ್ಕದ ಮನೆಯವರು. ವಾರವೆಲ್ಲ ಕೋರ್ಟು, ಭಾನುವಾರ ಹೆಗ್ಗೇರಿ ಕೆರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಬೀಗುತ್ತಿದ್ದ ನನ್ನನ್ನು ಅವರು ಜೊತೆಗೆ ಕರೆದೊಯ್ದದ್ದು ಹಕ್ಕಿ ತೋರಿಸಲಿಕ್ಕಲ್ಲ, ಎದುರು ವಕೀಲಳಾಗಲಿಕ್ಕೆ. ಅವರ ಕಾಯಿದೆ ಒಂದೇ: ಯಾರೇ ಹಕ್ಕಿ ಕಂಡೆನೆಂದರೂ ಇನ್ನೊಬ್ಬರು ಇಲ್ಲವೆಂದು ವಾದಿಸಬೇಕು. ವಾದದಲ್ಲಿ ಉಳಿದರೆ ಮಾತ್ರ ಕಂಡಂತೆ. ಅವಲಕ್ಕಿ ಡಬ್ಬಿ ಹಿಡಿದು ಕೂತ ಅವರ ಹೆಂಡತಿ, ನಮ್ಮ ಕಾಕು, ನ್ಯಾಯಾಧೀಶರು. ದೇವರಿಗೂ ಪುರಾವೆ ಕೇಳುವ ನನಗೆ ಇದು ಹಬ್ಬವಾಗಿತ್ತು.

ಕಾಕಾರಿಗೆ ಇದ್ದದ್ದು ಒಂದೇ ಆಸೆ: ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಎರೆಭೂತವನ್ನು ಕಾಣುವುದು. ಹುಲ್ಲುಗಾವಲಿನ ಆ ಭಾರೀ ಹಕ್ಕಿ ಆಗಲೇ ಕಾಣೆಯಾಗುತ್ತ ಬಂದಿತ್ತು. ಒಂದು ಚಳಿಗಾಲದ ಬೆಳಿಗ್ಗೆ ಅಲ್ಲಿ ನಾನೂ ಕಾಕುವೂ ಜಿಂಕೆ ನೋಡುತ್ತಿದ್ದಾಗ ಅವರ ಎರಡೂ ಮೀಸೆ ಎದ್ದವು. ನಾವು ತಿರುಗುವಷ್ಟರಲ್ಲಿ ಹಕ್ಕಿ ಹುಲ್ಲಿನಲ್ಲಿ ಮರೆಯಾಗಿತ್ತು.

“ಬಿಳಿ ಕುತ್ತಿಗಿ, ಕರಿ ಟೊಪಗಿ. ಎರೆಭೂತನ ಅದು,” ಎಂದರು.

“ಬಿಳಿಕತ್ತಿನ ಕೊಕ್ಕರಿಗೂ ಅವೆರಡೂ ಅದಾವಲ್ರಿ ಕಾಕಾ. ಕಾಲು ಯಾವ ಬಣ್ಣ?”

“ಹುಲ್ಲಿನ್ಯಾಗಿದ್ವು. ಕಾಣಲಿಲ್ಲ.”

“ಬೆನ್ನು ಕಂದೋ, ಕರಿದೋ?”

“ಬಿಸಲು ಎದುರಿಗಿತ್ತು.”

ಕಾಕುಗೆ ತಡೆಯಲಾಗಲಿಲ್ಲ. “ಯವ್ವಾ, ಇಷ್ಟ ವರ್ಷದ ಆಸೆ ಐತಿ. ಒಂದ್ ಹಕ್ಕಿ ಕೊಟ್ರ ನಿಂದೇನ ಹೋಗತೈತಿ? ನಾನಂತೂ ಅವರ ಕಡೆ ತೀರ್ಪು ಕೊಟ್ಟೆ.”

ಕಾಕಾ ದುರ್ಬೀನು ಇಳಿಸಿದರು. “ಬ್ಯಾಡ. ಕೊಟ್ಟ ಹಕ್ಕಿ ತಗೊಂಡು ಏನ್ ಮಾಡ್ಲಿ? ಕಂಡ ಹಕ್ಕಿ ಬೇಕು.” ಆಮೇಲೆ ನನ್ನ ಬೆನ್ನು ತಟ್ಟಿ, “ಛಲೋ ಕೆಡವಿದಿ ಬಿಡು ನನ್ನ,” ಎಂದು ನಗತೊಡಗಿದವರು ಹಾವೇರಿ ಮುಟ್ಟುವವರೆಗೂ ನಿಲ್ಲಿಸಲಿಲ್ಲ. ಸೋತವರು ಅಷ್ಟು ಖುಷಿಪಟ್ಟದ್ದನ್ನು ನಾನು ಯಾವ ವೇದಿಕೆಯ ಮೇಲೂ ನೋಡಿರಲಿಲ್ಲ.

ಎರೆಭೂತ ಕಾಣದೆಯೇ ಕಾಕಾ ತೀರಿಕೊಂಡರು. ಭಾನುವಾರದ ಕೆರೆ ಮಾತ್ರ ನನಗೂ ಕಾಕುಗೂ ತಪ್ಪಿಲ್ಲ. ಮೊನ್ನೆ ಜೊಂಡಿನಾಚೆ ಏನೋ ಎದ್ದು ಹಾರಿತು. ಹೊಸ ಹಕ್ಕಿ ಎಂದು ಕೂಗಿಬಿಟ್ಟೆ. ಕಾಕು ಡಬ್ಬಿಯ ಮೇಲೆ ಕೈ ಇಟ್ಟುಕೊಂಡೇ ಕೇಳಿದರು:

“ಕಾಲು ಯಾವ ಬಣ್ಣ?”

ನೋಡಿರಲಿಲ್ಲ. “ವಾಪಸ್ ತಗೊಂಡೆ ಕಾಕು,” ಎಂದೆ.

ಕಾಕು ನಕ್ಕು ಮುಚ್ಚಳ ತೆಗೆದರು.