ಏಡಿ ಪೊರೆ ಬಿಡುವ ಗಳಿಗೆ ಬಲ್ಲ ನೆಲ್ಡಾ

ಬೆಳಗಿನ ಐದು ಗಂಟೆ. ನೀರಿನಲ್ಲಿ ಕಂಬ ಊರಿ ಕಟ್ಟಿದ ಹಲಗೆ ಗುಡಿಸಲಿನೊಳಗೆ ನೆಲ್ಡಾ ಡೈಸ್ ತೊಟ್ಟಿಯ ಮೇಲೆ ಬಾಗಿ ನಿಂತಿದ್ದಾರೆ. ಸಾಲಾಗಿ ಹನ್ನೆರಡು ತೊಟ್ಟಿಗಳು. ಪಂಪು ಚೆಸಪೀಕ್ ಕೊಲ್ಲಿಯ ನೀರನ್ನು ಎತ್ತಿ ಅವುಗಳಿಗೆ ಸುರಿಯುತ್ತಲೇ ಇದೆ. ನೆಲ್ಡಾ ಒಂದು ಏಡಿಯನ್ನು ಹಿಂದಿನಿಂದ ಹಿಡಿದೆತ್ತಿ, ಅದರ ಹಿಂಗಾಲನ್ನು, ದೋಣಿಯ ಹುಟ್ಟಿನಂತೆ ಚಪ್ಪಟೆಯಾದ ಈಜುಗಾಲನ್ನು, ಬಲ್ಬಿನ ಬೆಳಕಿಗೆ ಬಿಡಿಸಿ ಹಿಡಿಯುತ್ತಾರೆ. ಅಂಚಿನ ಒಳಗೆ ಕೂದಲೆಳೆಯಷ್ಟು ಸಣ್ಣ ಗೆರೆ.

"ಬಿಳಿ ಗೆರೆ ಇದ್ರೆ ಪೊರೆ ಬಿಡಕ್ಕೆ ಇನ್ನೂ ಎರಡು ವಾರ. ನಸುಗೆಂಪಾದ್ರೆ ವಾರದೊಳಗೆ. ಹೀಗೆ ಕೆಂಪು ಬಂತು ಅಂದ್ರೆ ನಾಳೆ, ನಾಡಿದ್ದು, ಅಷ್ಟೇ. ಕಾಣ್ತಾ ನಿಂಗೆ?"

ನನಗೆ ಕಾಣುವುದಿಲ್ಲ. ಈ ಹೆರನ್ ನೆಕ್ ದ್ವೀಪಕ್ಕೆ ಬಂದು ಹದಿನಾರು ವರ್ಷವಾದರೂ ಕಾಣುವುದಿಲ್ಲ.

"ಪೇಪರಿನವ್ರಿಗೆ ಕಣ್ಣು ಬಾಯಲ್ಲೇ ಇರತ್ತೆ ಬಿಡು," ಎನ್ನುತ್ತಾ ಅವರು ಏಡಿಯನ್ನು ಕೆಂಪುಗೆರೆಯವುಗಳ ತೊಟ್ಟಿಗೆ ಬಿಡುತ್ತಾರೆ.

ಪಕ್ಕದ ತೊಟ್ಟಿಯಲ್ಲಿ ಒಂದರ ಚಿಪ್ಪು ಹಿಂಬದಿಯಲ್ಲಿ ಬಿರಿದಿದೆ. ಏಡಿ ತನ್ನ ಹಳೆಯ ಮೈಯಿಂದ ಹಿಂದಕ್ಕೆ ಜಾರುತ್ತಾ, ನಿಲ್ಲುತ್ತಾ, ಮತ್ತೆ ಜಾರುತ್ತಾ ಹೊರಬರುತ್ತಿದೆ. ಈಗ ಮುಟ್ಟಿದರೆ ಸಾಯುತ್ತದೆ. ಪೂರ್ತಿ ಬಂದು, ನೀರು ಕುಡಿದು ಮೈ ಉಬ್ಬಿಸಿಕೊಂಡ ಮೇಲೆ ಅಂಗೈಯನ್ನು ಅಡಿಗೆ ತೂರಿಸಿ ಎತ್ತಬೇಕು. ತಡವಾದರೆ ಹೊಸ ಚಿಪ್ಪು ಗಟ್ಟಿಯಾಗುತ್ತದೆ; ಚಿಪ್ಪು ಸಮೇತ ತಿನ್ನಬಹುದಾದ ಮೆತ್ತನೆ ಏಡಿಗಷ್ಟೇ ಒಳ್ಳೆಯ ಬೆಲೆ. ಅದಕ್ಕೂ ಮೊದಲೇ ಪಕ್ಕದ ಏಡಿಗಳು ಅದನ್ನು ತಿಂದು ಮುಗಿಸಬಹುದು. ಹಾಗಾಗಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ, ನಾಲ್ಕು ಗಂಟೆಗೊಮ್ಮೆ ಒಂದು ಸುತ್ತು. ಅರವತ್ತನಾಲ್ಕರ ಈ ಹೆಂಗಸು ಆ ಐದು ತಿಂಗಳು ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಮಾಡಿದ್ದಿಲ್ಲ.

ಹಿಂದೆಲ್ಲ ದಿನಕ್ಕೆ ಮುನ್ನೂರು ಮೆತ್ತನೆ ಏಡಿ ಸಿಗುತ್ತಿದ್ದವು. ಈಗ ನೂರು ದಾಟಿದರೆ ಒಳ್ಳೆಯ ದಿನ. ತೊಟ್ಟಿಗೆ ಬಿಟ್ಟ ಹತ್ತರಲ್ಲಿ ಎರಡು ಪೊರೆಯೊಳಗೇ ಸಿಕ್ಕಿಕೊಂಡು ಸಾಯುತ್ತವೆ. ದೊಡ್ಡವು ಒದ್ದೆ ಕಡಲಹುಲ್ಲಿನ ಹಾಸಿಗೆಯಲ್ಲಿ, ಜೀವಂತವಾಗಿ, ಆಚೆ ದಡದ ಹೋಟೆಲುಗಳಿಗೆ ಹೋಗುತ್ತವೆ. ಚಿಕ್ಕವು, ಕೊಂಡಿ ಮುರಿದವು ಪೊರೆ ಬಿಡುವ ಮುಂಚೆಯೇ ಗಾಳ ಹಾಕುವವರ ಪಾಲು. "ಪೊರೆ ಬಿಡೋ ಏಡಿ ವಾಸ್ನೆ ಮೀನಿಗೆ ಎಲ್ಲಿದ್ರೂ ಬಡಿಯತ್ತೆ," ಎನ್ನುತ್ತಾರೆ ನೆಲ್ಡಾ. ಅವರ ಎಡಗೈಯ ಕಿರುಬೆರಳು ಅರ್ಧವೇ ಇದೆ. ಏಡಿ ಕಚ್ಚಿದ ಗಾಯಕ್ಕೆ ಬೇಸಿಗೆಯ ನೀರಿನ ನಂಜೇರಿ, ಮೂರೇ ದಿನದಲ್ಲಿ ಕತ್ತರಿಸಬೇಕಾಯಿತು.

ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಗುಡಿಸಲಿಗೆ ಬಂದವರು. ಬಣ್ಣ ಓದುವುದನ್ನು ಕಲಿಸಿದ್ದು ಅತ್ತೆ. ತಪ್ಪು ತೊಟ್ಟಿಗೆ ಬಿಟ್ಟರೆ ಕೈಗೆ ಪೆಟ್ಟು. ಗಂಡ ಹಾರ್ಲನ್ ಕೊಲ್ಲಿಯಲ್ಲಿ ಬುಟ್ಟಿ ಇಳಿಸುತ್ತಿದ್ದ. ಒಳಗೊಂದು ಗಂಡು ಏಡಿ ಕೂಡಿಟ್ಟರೆ ಸಾಕು, ಪೊರೆ ಬಿಡಲಿರುವ ಹೆಣ್ಣುಗಳು ತಾವಾಗಿ ಹುಡುಕಿಕೊಂಡು ಬರುತ್ತವೆ. ಹಿಡಿಯುವುದು ಅವನು, ಕಾಯುವುದು ಇವರು. ಮೂವತ್ತೊಂದು ವರ್ಷ ಹಾಗೇ ನಡೆಯಿತು.

ಹದಿನಾಲ್ಕು ವರ್ಷದ ಹಿಂದಿನ ಆಗಸ್ಟ್. ಬಿರುಗಾಳಿಗೆ ಸಂಜೆಯ ಹೊತ್ತಿಗೆ ದ್ವೀಪದಲ್ಲಿ ಅವರ ಮನೆಯ ಓಣಿಯಲ್ಲೂ ಮೊಣಕಾಲುದ್ದ ನೀರು. ಕರೆಂಟು ಹೋಗುವುದು, ಬರುವುದು. ಪಂಪು ನಿಂತರೆ ಆ ಸೆಖೆಯಲ್ಲಿ ತೊಟ್ಟಿಯ ಎರಡು ಸಾವಿರ ಏಡಿಗಳು ಉಸಿರುಕಟ್ಟಿ ಸಾಯುತ್ತವೆ.

"'ಪಂಪ್ ನೋಡ್ಕೊಂಡು ಬಂದುಬಿಡ್ತೀನಿ, ಕಾಫಿಗೆ ಇಡು' ಅಂದ. ಇಟ್ಟೆ," ಎನ್ನುತ್ತಾರೆ ನೆಲ್ಡಾ.

ದೋಣಿ ಹತ್ತಿ ಗುಡಿಸಲಿಗೆ ಹೋದ ಹಾರ್ಲನ್ ಮನೆಗೆ ಬರಲಿಲ್ಲ. ಆ ಅಲೆಗೆ ಬೇರೆ ಯಾರೂ ದೋಣಿ ಇಳಿಸುವಂತಿರಲಿಲ್ಲ. ನಸುಕಿನಲ್ಲಿ ಗಾಳಿ ತಗ್ಗಿದ ಮೇಲೆ ಪಕ್ಕದ ಗುಡಿಸಲಿನ ಎಲ್ವುಡ್‌ನ ದೋಣಿಯಲ್ಲಿ ಅವನೂ ನೆಲ್ಡಾರೂ ಹೋದರು. ನೆಲದ ಮೇಲೇರಿದ್ದ ನೀರು ಇಳಿದಿತ್ತು. ಸ್ವಿಚ್ ಬೋರ್ಡು ಸೊಂಟದ ಎತ್ತರದಲ್ಲಿತ್ತು, ತೊಯ್ದು ಹೋಗಿತ್ತು. ಅದರ ಕೆಳಗೆ ಹಾರ್ಲನ್ ಕರೆಂಟು ಹೊಡೆದು ಬಿದ್ದಿದ್ದ. ಪಂಪು ಓಡುತ್ತಿತ್ತು.

ಇಬ್ಬರೂ ಸೇರಿ ಹೆಣವನ್ನು ದೋಣಿಗೆ ಇಳಿಸಿದರು. ಆಗ ನೆಲ್ಡಾ ತೊಟ್ಟಿಗಳ ಕಡೆ ತಿರುಗಿ ನೋಡಿದರು. ನಲವತ್ತಕ್ಕೂ ಹೆಚ್ಚು ಏಡಿಗಳು ಪೊರೆ ಬಿಟ್ಟಿದ್ದವು. "ಸ್ವಲ್ಪ ಇರು," ಎಂದು ಎಲ್ವುಡ್‌ಗೆ ಹೇಳಿ ಒಳಗೆ ಹೋದರು. ಒಂದೊಂದಾಗಿ ಎತ್ತಿ ಹುಲ್ಲಿನ ಮೇಲೆ ಮಲಗಿಸಿದರು. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಎಲ್ವುಡ್ ಹೆಣದ ಜೊತೆ ದೋಣಿಯಲ್ಲಿ ಕೂತಿದ್ದ.

ಅವನೇ ಊರಿಗೆಲ್ಲ ಹೇಳಿದ. "ಗಂಡನ ಮೈ ಇನ್ನೂ ಆರಿರ್ಲಿಲ್ಲ, ಇವ್ಳು ಏಡಿ ಎತ್ತುತಾ ಇದ್ಲು!" ಒಂದಿಡೀ ವರ್ಷ ಚರ್ಚಿನಲ್ಲಿ ನೆಲ್ಡಾ ಕೂತ ಬೆಂಚಿನಲ್ಲಿ ಇನ್ನೊಬ್ಬರು ಕೂರಲಿಲ್ಲ.

"ಅವ್ನು ಸತ್ತಿದ್ದೇ ಅವಕ್ಕೋಸ್ಕರ. ಅವನ್ನೂ ಸಾಯಕ್ಕೆ ಬಿಟ್ಟಿದ್ರೆ, ಮತ್ಯಾಕೆ ಹೋದ ಅಂತ ಹೇಳ್ಲಿ?" ಎನ್ನುತ್ತಾರೆ ನೆಲ್ಡಾ. "ನಿಜ ಹೇಳ್ಲಾ? ಆವಾಗ ಈ ಕೈಗೆ ಬೇರೆ ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ."

ಆ ಚಳಿಗಾಲ ನೆಲ್ಡಾ ದ್ವೀಪದ ಅಷ್ಟೂ ಗುಡಿಸಲುಗಳಿಗೆ ದೋಣಿ ಹುಟ್ಟು ಹಾಕಿಕೊಂಡು ಹೋದರು. ಎಲ್ಲ ಕಡೆ ಒಂದೇ ಮಾತು: ಬೋರ್ಡನ್ನು ತಲೆಗಿಂತ ಮೇಲೆ ಏರಿಸಿ. ಮಾತಾಡಿಸಲು ಮುಜುಗರಪಟ್ಟವರೂ ಏರಿಸಿದರು. ಎಲ್ವುಡ್ ಮಾತ್ರ ಒಪ್ಪಲಿಲ್ಲ. "ನಿನ್ ಗಂಡ ಮಾಡಿದ ತಪ್ಪಿಗೆ ನನ್ ಗೋಡೆ ಯಾಕೆ ತೂತು ಮಾಡ್ಲಿ?" ಎಂದ. ನೆಲ್ಡಾ ಪ್ರತಿ ಸೋಮವಾರ ಹೋಗಿ ಅವನ ಬಾಗಿಲಲ್ಲಿ ನಿಂತರು. ಆರನೇ ಸೋಮವಾರ ಅವರು ಹೇಳಿದ್ದು ಇಷ್ಟೇ: "ಎಲ್ವುಡ್, ನಿನ್ನನ್ನೂ ದೋಣಿಗೆ ಎತ್ತಿ ಹಾಕೋ ಶಕ್ತಿ ನಂಗಿಲ್ಲ."

ಆ ವಾರವೇ ಬೋರ್ಡು ಮೇಲೇರಿತು. ಅವನು ಕ್ಷಮೆ ಕೇಳಿದ್ದಿಲ್ಲ, ಇಂದಿಗೂ. ಆದರೆ ಈಗ ಅವನ ಕಣ್ಣು ಮಂಜು. ಏಳು ಗಂಟೆಗೆ ತನ್ನ ಏಡಿಗಳ ಬುಟ್ಟಿ ಹೊತ್ತು ಇಲ್ಲಿಗೇ ಬರುತ್ತಾನೆ.

"ಇದು ಕೆಂಪಲ್ವಾ ನೆಲ್ಡಾ?"

"ನಿನ್ ಮೂಗು ಕೆಂಪು. ಇದು ಬಿಳಿ. ಆಚೆ ತೊಟ್ಟಿಗೆ ಹಾಕು."

ಮಧ್ಯಾಹ್ನ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದ ಎರಡು ಏಡಿ, ಬ್ರೆಡ್ಡಿನ ನಡುವಿನಿಂದ ಕಾಲುಗಳು ಹೊರಚಾಚಿಕೊಂಡಿವೆ. ನೆಲ್ಡಾ, ಎಲ್ವುಡ್ ಇಬ್ಬರೂ ಕಾಲು, ಚಿಪ್ಪು ಸಮೇತ ತಿನ್ನುತ್ತಾರೆ. ಏಡಿಗಳು ಅಡಗುವ ಕೊಲ್ಲಿಯ ತಳದ ಹುಲ್ಲು ವರ್ಷ ವರ್ಷ ಕರಗುತ್ತಿದೆ, ದಡ ಕುಸಿಯುತ್ತಿದೆ. ಕಳೆದ ಚಳಿಗಾಲ ಹೆಪ್ಪುಗಟ್ಟಿದ ನೀರು ಎರಡು ಗುಡಿಸಲುಗಳನ್ನು ಕಂಬ ಸಮೇತ ಕಿತ್ತೊಯ್ದಿತು. ನೆಲ್ಡಾರದ್ದೂ ಒಂದು ಕಡೆಗೆ ವಾಲಿದೆ. ಬಣ್ಣ ಓದುವುದನ್ನು ಅವರಿಂದ ಯಾರೂ ಕಲಿತಿಲ್ಲ, ಕಲಿಯುವವರು ದ್ವೀಪದಲ್ಲಿ ಉಳಿದಿಲ್ಲ.

ಇಷ್ಟು ವರ್ಷದ ದುಡಿಮೆಯಲ್ಲಿ ಉಳಿದದ್ದೇನು ಎಂದು ಕೇಳುತ್ತೇನೆ. ನೆಲ್ಡಾ ಕೈ ಒರೆಸಿಕೊಳ್ಳುತ್ತಾ ಕಿಟಕಿಯಾಚೆ, ನೀರಿನಲ್ಲಿ ಬರಿಗಂಬಗಳು ನಿಂತಿರುವ ಕಡೆ ನೋಡುತ್ತಾರೆ.

"ಹನ್ನೊಂದು ಗುಡಿಸ್ಲು ಇದ್ವು. ಏಳು ಹೋದ್ವು. ಗಾಳಿಗೆ ಹೋದ್ವು, ಮಂಜುಗಡ್ಡೆಗೆ ಹೋದ್ವು. ಆದ್ರೆ ಹಾರ್ಲನ್ ಹೋದ್ಮೇಲೆ, ಒಳಗಡೆ ಸ್ವಿಚ್ ಮುಟ್ಟಿ ಒಬ್ರೂ ಹೋಗ್ಲಿಲ್ಲ."