ಕಾರಿಗೊಂದು, ಗಾಣಕ್ಕೊಂದು

ಅವತ್ತು ಪಾಂಡವಪುರದ ಗ್ಯಾರೇಜಿನಲ್ಲಿ ಇದ್ದವರು ಐವರು. ಕಮ್ಮಾರಿಕೆ ಬಿಟ್ಟು ಆ ಗ್ಯಾರೇಜು ಹಾಕಿದ್ದ ನನ್ನ ಸೋದರಮಾವ, ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, ಸಿಂಧಘಟ್ಟದಲ್ಲಿ ಬೆಲ್ಲದ ಆಲೆಮನೆ ಇಟ್ಟಿದ್ದ ಗೌಡರು, ಮದುವೆ ಗೊತ್ತಾಗಿದ್ದ ಅವರ ಮಗ, ಕೆ.ಆರ್. ಪೇಟೆಯಲ್ಲಿ ನೌಕರಿಗಿದ್ದು ಭಾನುವಾರದ ಊಟಕ್ಕೆ ಬಂದಿದ್ದ ನಾನು.

ನಡುವೆ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು. ಮೈಸೂರಿನ ಯಾವುದೋ ಬಂಗಲೆಯ ಹಿತ್ತಲಲ್ಲಿ ಕೋಳಿಗಳಿಗೆ ಮನೆಯಾಗಿದ್ದುದನ್ನು ಮಾವ ತಂದು, ವರ್ಷವಿಡೀ ಅದರ ಪೆಟ್ರೋಲ್ ಎಂಜಿನ್ನನ್ನು ಬಿಚ್ಚಿ ಜೋಡಿಸಿ ಉಸಿರು ಬರಿಸಿದ್ದ. ನೋಡಲು ಶ್ರೀರಂಗಪಟ್ಟಣ, ಪಾಲಹಳ್ಳಿಯಿಂದೆಲ್ಲ ಬಂದರು. ಕೊಳ್ಳಲು ಯಾರೂ ಇಲ್ಲ. ಎಲ್ಲರೂ ಕೇಳುತ್ತಿದ್ದುದು ಎರಡೇ ಮಾತು: ಲೀಟರಿಗೆ ಎಷ್ಟು ಓಡುತ್ತದೆ, ಒಳಗೆ ಎಷ್ಟು ಜನ ಹಿಡಿಸುತ್ತಾರೆ. ಉತ್ತರ ಕೇಳಿ ಪಂಚೆ ಕೊಡವಿಕೊಂಡು ಎದ್ದು ಹೋಗುತ್ತಿದ್ದರು.

ಆಗ ನಮ್ಮ ಕಡೆ ಪೆಟ್ರೋಲ್ ಕಾರಿಗೆ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸುವುದು ಮಾಮೂಲು. ಬೇರೆ ದಾರಿ ಕಾಣದೆ ಮಾವನೂ ಒಂದನ್ನು ತಂದು ಮರದ ದಿಮ್ಮಿಗಳ ಮೇಲೆ ಬಿಗಿದಿಟ್ಟಿದ್ದ. ಆದರೆ ಅದು ಎತ್ತರದ್ದು. ಒಳಗೆ ಕೂರಬೇಕಾದರೆ ಕಾರಿನ ಬಾನೆಟ್ ಕತ್ತರಿಸಲೇಬೇಕು. ಆ ಮಾತು ಬಂದಾಗಲೆಲ್ಲ ಮಾವ ಜೇಬಿನಲ್ಲಿ ಬೀಡಿ ಹುಡುಕುತ್ತಿದ್ದ.

“ಡೀಸೆಲ್ ಆಕಿದ್ರೆ ಮಗನ ಮದ್ವೆಗೆ ತಕತೀನಿ ಆಚಾರ್ರೇ, ಇಲ್ದಿದ್ರೆ ಇಲ್ಲ,” ಎಂದರು ಗೌಡರು.

“ಅಪ್ಪೋ, ಡೀಸೆಲ್ ಆಕುದ್ರೆ ಇದು ಕಾರಾಗಿ ಉಳಿಯಕಿಲ್ಲ,” ಎಂದ ಮಗ.

“ನೀ ಸುಮ್ಕಿರ್ಲಾ. ಈಗ್ಲೇ ಇಂಗಾಡ್ತೀಯಲ್ಲ, ನಿನ್ನ ಕಟ್ಕಳೋಳ ಗತಿ ಏನ್ಲಾ?”

ಅಜ್ಜಿ ಮೊರದಿಂದ ತಲೆಯೆತ್ತದೆ, “ಕುಯ್ದ್ರೆ ಕುಯ್ಯಿ ಮಗ, ಮೊದ್ಲು ಇದು ಇಲ್ಲಿಂದ ಓಗ್ಲಿ. ಸೌದೆ ಆಕಕೆ ಜಾಗಿಲ್ಲ,” ಎಂದಳು.

ಮಾವ ಜೇಬು ತಡಕುತ್ತ, “ಕುಯ್ತೀನಿ ಗೌಡ್ರೇ. ಅದ್ಕೂ ಮುಂಚೆ ಒಂದ್ಸಲ ಕೂತ್ಕಳಿ, ಒಂದು ರೌಂಡ್ ಓಗಿಬರವ,” ಎಂದ.

ಗೌಡರು ಒಳಗಿಳಿದು, ಕಾಲು ಚಾಚಿ, “ಉಣ್ಣಕೆ ಪಂಕ್ತೀಲಿ ಕೂತಂಗೈತೆ. ಎಲೆ ಒಂದು ಆಕ್ಬುಡಿ,” ಎಂದರು.

ಶ್ರೀರಂಗಪಟ್ಟಣದ ರಸ್ತೆಯಲ್ಲಿ ಕಾರು ಮರೆಯಾಯಿತು. ಅದರ ಸದ್ದು ಕಿವಿಗೆ ಕೇಳದಾಗುವ ತನಕ ಮಗ ರಸ್ತೆಯಲ್ಲೇ ನಿಂತಿದ್ದ. ಹಿಂದಿರುಗಿ ಇಳಿದಾಗ ಗೌಡರ ತಲೆಗೆ ಸುತ್ತಿದ್ದ ಟವೆಲ್ಲು ಕುತ್ತಿಗೆಗೆ ಜಾರಿತ್ತು. ಅವರು ನೇರ ದಿಮ್ಮಿಗಳ ಬಳಿ ಹೋಗಿ, “ಇದ್ನ ಒಸಿ ಶುರು ಮಾಡಿ,” ಎಂದರು.

ಡೀಸೆಲ್ ಎಂಜಿನ್ ಗುಡುಗತೊಡಗಿತು. ನೆಲ ನಡುಗಿ ಮೊರದಲ್ಲಿದ್ದ ಅವರೆಕಾಳು ಕುಣಿದವು. ಗೌಡರ ಮುಖ ಅರಳಿತು.

“ಎಂಜಿನ್ ಅಂದ್ರೆ ಇದಪ್ಪ. ನಮ್ಮ ಗಾಣದ್ದು ಕೆಟ್ಟು ಕೂತೈತೆ. ಇದ್ನ ಆಲೆಮನೆಗೆ ಕೊಟ್ಬುಡಿ.”

“ಮತ್ತೆ ಕಾರಿಗೆ?” ಮಾವನ ದನಿ ಸಣ್ಣದಾಗಿತ್ತು.

“ಅದ್ಕೆ ಅದರದ್ದೇ ಇರ್ಲಿ ಬುಡಿ. ಇವ್ನೇನು ಅದ್ರಲ್ಲಿ ಕಬ್ಬು ಅರೀತಾನಾ? ಎರಡೂ ತಕತೀನಿ.”

ಮಾವನಿಗೆ ಬೀಡಿ ಸಿಕ್ಕಿತು.

ಮದುವೆ ನಡೆದದ್ದು ನಾಗಮಂಗಲದಲ್ಲಿ, ಹೆಣ್ಣಿನ ಊರಿನಲ್ಲಿ. ಮಾವನೂ ನಾನೂ ಹೋಗಿದ್ದೆವು. ಹೆಣ್ಣನ್ನು ಕರೆದುಕೊಂಡು ಹೊರಡುವಾಗ ಗಂಡು ತಾನೇ ಓಡಿಸಲು ಕಾರಿನಲ್ಲಿ ಕೂತ. ಹೆಣ್ಣಿನ ಜೊತೆ ಕಳಸಗಿತ್ತಿಯೂ ಬಂದಳು. ಕಳಸ ಹಿಡಿದು ಬಂದ ಆಕೆ ಮದುಮಗಳ ಪಕ್ಕ ಬಿಟ್ಟು ಕದಲುವಂತಿಲ್ಲ, ಕಾರಿನಲ್ಲಿ ಉಳಿದಿದ್ದು ಒಂದೇ ಸೀಟು. ಇಷ್ಟು ದಿನ ಎಂಜಿನ್ನಿನ ಚರ್ಚೆ ಮಾಡಿದ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ. ಹೆಂಗಸರೆಲ್ಲ ಸೇರಿ ಹೆಣ್ಣನ್ನೂ ಕಳಸಗಿತ್ತಿಯನ್ನೂ ಹಿಂದಿನ ವ್ಯಾನಿಗೆ ಹತ್ತಿಸಿದರು.

ಗಂಡು ಖಾಲಿ ಸೀಟು ನೋಡುತ್ತ ಕೂತಿದ್ದ. ಗೌಡರು ಬಂದು ಬಾಗಿಲು ತೆಗೆದು, ಟವೆಲ್ಲನ್ನು ತಲೆಗೆ ಬಿಗಿಯಾಗಿ ಕಟ್ಟಿಕೊಂಡು, ಅವನ ಪಕ್ಕ ಕೂತರು. ನಾಗಮಂಗಲದಿಂದ ಸಿಂಧಘಟ್ಟದ ತನಕ ಅಪ್ಪ ಮಗ ಇಬ್ಬರೇ ಆ ಕಾರಿನಲ್ಲಿ ಹೋದರು.